ಕಾಲೇಜು ಬಿಡಲು ಕಾರಣ

ಟಿ.ಸಿ. ಫಾರ್ಮಿನ ಒಂಬತ್ತನೇ ಸಾಲಿಗೆ ಬಂದು
ನಿನ್ನ ಪೆನ್ನು ನಿಂತಿತು, ಆಶೀರ್ವಾದ.
ಕಾಲೇಜು ಬಿಡಲು ಕಾರಣ.
‘ಮನೀ ಅಡಚಣಿ ಅಂತ ಬರಿ, ಎಲ್ಲಾರೂ ಅದನ್ನೇ ಬರೀತಾರ’
ಅಂದ ಗುಮಾಸ್ತ ನಾಗಶೆಟ್ಟಿ, ಶೇಂಗಾ ಸುಲೀತಾ.
ನೀ ಬರೆದಿ: ಆಡಬೇಕು.
ಅವ ಚಸ್ಮಾ ತಗದು ನೋಡಿದ.
‘ಯಾಕ, ಇಲ್ಲಿ ಚೆಂಡಿಲ್ಲೇನು?’

ಚೆಂಡಿತ್ತು. ಗೋಲಿನ ಕಂಬ ಎರಡಿದ್ದವು.
ನಡುವ ನಾ ಇದ್ದೆ.

ಎರಡು ವರ್ಷ ನನಗ ಒಂದು ಜ್ವರ ಬರಲಿಲ್ಲ,
ಬೆರಳು ಉಳುಕಲಿಲ್ಲ, ಅತ್ತಿ ಮಗಳ ಮದುವಿ ಸುದ್ದಾ
ಪಂದ್ಯ ಇಲ್ಲದ ಐತವಾರ ಬಂತು.
ಖಲೀಲ್ ಸರ್ ಮೊದಲು ನನ್ನ ಹೆಸರೇ ಓದ್ತಿದ್ದರು
ಹಾಜರಿ ಪುಸ್ತಕ ಓದಿದಂಗ, ತಲಿ ಎತ್ತದೆ.
ನೀ ಬೆಂಚಿನ ತುದಿಗೆ, ನೀರಿನ ಕ್ಯಾನಿನ ಬಾಜೂಕ,
ಗ್ಲೌಸು ಹಾಕ್ಕೊಂಡೇ ಕೂಡ್ತಿದ್ದಿ.
ಅದರ ಅಂಗಡಿ ವಾಸನಿ ಇನ್ನೂ ಹೋಗಿರಲಿಲ್ಲ.

ಮ್ಯಾಲ ಏರ್‌ಫೋರ್ಸಿನ ವಿಮಾನ ಗಿರಕಿ ಹೊಡೀತಿದ್ದವು.
ಕಲಿಯೋ ಹುಡುಗರು, ಅಂತಿದ್ದಿ ನೀ,
ಮುಂದ ಕಲಿಯೋವ, ಹಿಂದ ಕಲಿಸೋವ.
ತಪ್ಪು ಮಾಡಾಕ ಅವರಿಗೆ
ಇಡೀ ಬೀದರಿನ ಆಕಾಶ ಬಿಟ್ಟುಕೊಟ್ಟಾರ ನೋಡು.
ನಾ ನಕ್ಕಿದ್ದೆ.

ಒಂದಿನ ಮರೆತ ಬಾಟಲಿ ತರಾಕ ತಿರುಗಿ ಬಂದೆ.
ಪಂಪ್‌ಹೌಸಿನ ಹಿಂದ ನೀ ಒಬ್ಬನೇ
ನೆಲಕ್ಕ ಬೀಳ್ತಿದ್ದಿ. ಎಡಕ್ಕೊಮ್ಮೆ, ಬಲಕ್ಕೊಮ್ಮೆ.
ಚೆಂಡಿರಲಿಲ್ಲ.
ಆಮ್ಯಾಲ ಮುಷ್ಟಿ ತುಂಬ ಕೆಂಪು ಮಣ್ಣು ತಗೊಂಡು
ಮೊಣಕೈಗೆ, ಎದಿಗೆ, ಹದಿಮೂರನೇ ನಂಬರಿಗೆ
ಅರಿಷಿಣ ಹಚ್ಚಿದಂಗ ಹಚ್ಚಿಕೊಂಡಿ.
ಸ್ವಚ್ಛ ಅಂಗಿ ಮನೀಗೆ ಒಯ್ದ್ರ
ನಿಮ್ಮವ್ವ ಏನೂ ಕೇಳಂಗಿಲ್ಲಂತ,
ಅದಕ್ಕೇ.

ನಾ ಗ್ವಾಡಿ ಮರೀಗೆ ನಿಂತು ನೋಡಿದೆ. ಹೋದೆ.
ಮರುದಿನ ಸರ್ ಮುಂದ ಬಾಯಿ ಬಿಡಬಹುದಿತ್ತು.
ಮರುದಿನ ಹುಮನಾಬಾದಿನ ಜೋಡಿ ಪಂದ್ಯ ಇತ್ತು.
ಛಲೋ ಆಡಿದೆ.

‘ಇನ್ನೊಂದು ವರ್ಷ ತಡಿ, ಇವ ಪಾಸಾಗಿ ಹೋಗ್ತಾನ’
ಅಂದಿದ್ದರು ಸರ್.
ತಡಿ ಅನ್ನೋ ಮಾತಿಗೆ ಎರಡರ್ಥ ಅವ,
ನಿನ್ನ ಪಾಲಿಗೆ ಒಂದೇ ಬಂದಿತ್ತು.

ಕಡೀಕ ನಾಗಶೆಟ್ಟಿ ತಾನೇ ಗೀಟು ಎಳೆದು
‘ಸ್ವಂತ ಕಾರಣ’ ಅಂತ ಬರೆದ, ಸಿಕ್ಕಾ ಹೊಡೆದ.
ನೋಡಿದ್ರ ಅದೂ ಖರೇನ.
ಭಾಲ್ಕಿ ಬಸ್ಸಿಗೆ ನಿನ್ನ ಚೀಲ ನಾನೇ ಏರಿಸಿದೆ.
ಅಲ್ಲಿ ಹನ್ನೊಂದು ಮಂದಿ ಕೂಡಸಾಕ
ಕಬಡ್ಡಿ ಹುಡುಗರನ್ನ ಕರೀತಾರಂತ, ಅಂದಿ,
ಬೆಂಚು ಅನ್ನೋದೇ ಇಲ್ಲಂತ.
ಕೂಡಾಕ ಜಾಗ ಇಲ್ಲ ಅನ್ನೋದನ್ನ ಅಷ್ಟು ಖುಷಿಲೆ ಹೇಳಿದವನ್ನ
ಆ ಬಸ್‌ಸ್ಟ್ಯಾಂಡಿನ್ಯಾಗ ನಾ ಮತ್ತ ಕಂಡಿಲ್ಲ.

ಕಲಬುರಗಿಯ ಕರಿ ನೆಲದಾಗ ಎದುರಾದಿ.
ರಾತ್ರಿ ಮಳಿ ಬಿದ್ದಿತ್ತು. ಆರು ಗೋಲು ತಿಂದಿ.
ತಡೆದದ್ದು ಎಷ್ಟಂತ ಯಾರೂ ಬರೆದಿಡಲಿಲ್ಲ.
ಈ ತುದಿಗೆ ನನಗ ಬ್ಯಾರೆ ಕೆಲಸ ಇರಲಿಲ್ಲ, ಎಣಿಸಿದೆ:
ಹದಿನೇಳು.
ನಿನ್ನ ನಂಬರು ಈಗ ಒಂದು,
ಓದಾಕ ಬರದಂಗ ಕೆಸರಾಗಿತ್ತು.
ನನ್ನ ಅಂಗಿಯ ಇಸ್ತ್ರಿ ಗೆರಿ ಸುದ್ದಾ ಮುರಿದಿರಲಿಲ್ಲ.

ಹತ್ತು ನಿಮಿಷ ಉಳಿದಾಗ
ಮೊಣಕಾಲು ಹಿಡಕೊಂಡು ಕೂತೆ.
ಸರ್ ಓಡಿ ಬಂದರು.
ನಮ್ಮ ಬೆಂಚಿನ ತುದಿಗೆ, ನೀರಿನ ಕ್ಯಾನಿನ ಬಾಜೂಕ
ಕೂತಿದ್ದ ಚಿಟಗುಪ್ಪಾದ ಹುಡುಗ ತುಕಾರಾಮ
ಎದ್ದು ನಿಂತ. ಗ್ಲೌಸು ಮೊದಲೇ ಹಾಕ್ಕೊಂಡಿದ್ದ.

ನನ್ನ ಮೊಣಕಾಲಿಗೆ ಏನೂ ಆಗಿರಲಿಲ್ಲ.
ಆಚಿ ತುದಿಯಿಂದ ನೀ ನೋಡ್ತಿದ್ದಿ.
ದೂರ ಭಾಳಿತ್ತು. ನಕ್ಕಿಯೋ, ಉಗುಳಿದಿಯೋ
ಗೊತ್ತಾಗಲಿಲ್ಲ.
ಅಷ್ಟರಾಗ ಚೆಂಡು ನಿನ್ನ ಕಡೆ ಬಂತು.