ಷರಾ

ಕೋಲು ಹಿಡಿಯುವುದು ನನ್ನ ಕೆಲಸ.
ಮಟ್ಟದ ಗುಳ್ಳೆ ನಡುವಿಗೆ ಬರುವ ತನಕ
ಉಸಿರು ಬಿಗಿಹಿಡಿದು ನಿಲ್ಲಬೇಕು.
ಮೇಲೆ ಹನ್ನೆರಡೋ ಹದಿಮೂರೋ ಉಪಗ್ರಹಗಳು
ಇವನೆಲ್ಲಿ, ಇವನೆಲ್ಲಿ ಎಂದು
ಚೌಕಾಸಿಗಿಳಿಯುತ್ತವೆ.

ಇದು ಅಕ್ರೋಟು ಕಾಡು, ಕಿರ್ಗಿಜ್ ಬೆಟ್ಟದ ತೆಂಕಣ ಮಗ್ಗುಲು.
ಎಲೆ ಒತ್ತಾದ ಕಡೆ ಚೌಕಾಸಿ ಮುಗಿಯುವುದೇ ಇಲ್ಲ.

ಹೋದ ತಿಂಗಳೇ, ಚಿಗುರುವ ಮುಂಚೆ,
ವಿಮಾನದ ಲೇಸರು ಕೊಂಬೆಗಳ ಸಂದಿಯಲ್ಲಿ ತೂರಿ
ನೆಲ ಮುಟ್ಟಿ ಹೋಗಿತ್ತು.
ಬೇಗಿಮಾಯ್ ಪರದೆಯ ಮೇಲೆ ಮರಗಳನ್ನೆಲ್ಲ ಅಳಿಸಿದಳು:
ಕೆಳಗೆ ಬರಿಮೈಯ ಗುಡ್ಡ,
ಹೆತ್ತ ಹೊಟ್ಟೆಯ ಗೆರೆಗಳಂತೆ ಬಿರುಕು.

ಊರಂಚಿನ ಒಂದು ದಿಬ್ಬ ಮಾತ್ರ
ಯಾವ ಲೆಕ್ಕಕ್ಕೂ ಸಿಗಲಿಲ್ಲ.
'ನೋಡಿ ಬಾ ನುರ್ದೀನ್' ಅಂದಳು. ಹೋದೆ.
ಹುಲ್ಲಿನ ಬಣವೆ!
ಅರ್ಧ ದಿಬ್ಬವನ್ನು ಹಸು ಆಗಲೇ ತಿಂದಿತ್ತು.

ಬಣವೆಯ ಒಡತಿ ಊಲ್ಕಾನ್ ಅಜ್ಜಿ
ಚಹಾ ಕೊಟ್ಟಳು, ಆಮೇಲೆ ಬಾಗಿಲು ತೋರಿಸಿದಳು.
ಚೌಕಟ್ಟಿನಲ್ಲಿ ಕೂರುವುದಿಲ್ಲವಂತೆ.
ಹಿಮ ಕರಗಿದ ಮೇಲೆ ವರ್ಷಕ್ಕೊಮ್ಮೆ
ಗಂಡ ಅಂಚು ಹೆರೆಯುತ್ತಿದ್ದ;
ಈಗ ಉಜ್ಜುಗೊರಡು ಇವಳ ಕೈಯಲ್ಲಿ.
'ಮರ ಅಲ್ಲವೇ, ತೇವಕ್ಕೆ ಉಬ್ಬುತ್ತೆ.'

ಹೂಂ ಅಂದೆ. ಟೇಪು ಹಿಡಿದು ನೋಡಿದೆ:
ಕೆಳಗಿನ ಅಗಲಕ್ಕಿಂತ ಮೇಲಿನದು
ನಾಲ್ಕು ಬೆರಳು ಕಡಿಮೆ.
ಪುಸ್ತಕದಲ್ಲಿ ಅಕ್ಷಾಂಶಕ್ಕೆ ಒಂದು ಅಂಕಣ,
ರೇಖಾಂಶಕ್ಕೆ ಒಂದು, ಎತ್ತರಕ್ಕೆ ಒಂದು.
ಕೊನೆಯದು ಷರಾ, ಯಾವಾಗಲೂ ಖಾಲಿ.
ಅಲ್ಲಿ ಬರೆದೆ: ಬಾಗಿಲು.

ಹೊಸಿಲ ಮೇಲೆ ಕೋಲು ಇಡಹೋದರೆ ಗದರಿದಳು.
ಒಂದು ಹೆಜ್ಜೆ ಹಿಂದೆ, ಅಂಗಳದಲ್ಲಿ ನೆಟ್ಟೆ.
ಗುಳ್ಳೆ ಜಾರಿತು, ತಡವರಿಸಿತು, ನಡುವಿಗೆ ಬಂತು.
ಆದರೂ ಉಸಿರು ಬಿಡಲಿಲ್ಲ ನಾನು.
ಒಳಗಿನಿಂದ ಅಜ್ಜಿ, ಭುಜ ಕೊಟ್ಟು,
ಬಾಗಿಲು ಹಾಕಲು ನೋಡುತ್ತಿದ್ದಳು.