ಎಳೆ

ಇರ್ವಿನ್ ರಸ್ತೆಯ ಮಹಡಿ ಮೆಟ್ಟಿಲ ಪಕ್ಕ ಬೋರ್ಡು:
ದಂತ ಚಿಕಿತ್ಸಾಲಯ.
ದಂತ ಎಂದರೆ ನಮ್ಮ ಮನೆಯಲ್ಲಿ ಆನೆಯದು.
ಅಬ್ಬಾ ಅದನ್ನು ಅಕ್ಕಿಕಾಳಷ್ಟು ಕೊಯ್ದು
ಬೀಟೆ ಹಲಗೆಯಲ್ಲಿ ಕೂರಿಸಿ ಹುಣ್ಣಿಮೆ ಮಾಡುತ್ತಿದ್ದರು.
ಕಾನೂನು ಬಂತು, ದಂತ ಹೋಯಿತು,
ನನ್ನ ಕಾಲಕ್ಕೆ ಬಿಳಿ ಪ್ಲಾಸ್ಟಿಕ್ಕು.

ಹಲ್ಲು ಹೋದದ್ದು ಬೇರೆ ಕತೆ.
ಮೂವತ್ತು ವರ್ಷ ಸಣ್ಣ ಮೊಳೆಗಳನ್ನು
ಮುಂದಿನ ಹಲ್ಲಲ್ಲೇ ಕಚ್ಚಿಕೊಂಡೆ, ಕೈ ಎರಡೇ ಇದ್ದವಲ್ಲ.
ಎರಡು ಹಲ್ಲು, ಒಂದರ ಹಿಂದೊಂದು, ಸಡಿಲಾಗಿ ಹೋದವು.
ಒಂಬತ್ತು ವರ್ಷ ಮೀಸೆ ಇಳಿಬಿಟ್ಟು ಮುಚ್ಚಿಕೊಂಡೆ.

"ಗೌಸ್ ಸಾಬ್ರೇ, ಮೂಳೆ ಸೊರಗಿದೆ" ಎಂದಳು
ಡಾಕ್ಟರ್ ಶಾಂಭವಿ. ನನ್ನ ಕಿರಿಮಗಳ ವಯಸ್ಸು.
ಪರದೆಯ ಮೇಲೆ ನನ್ನದೇ ಮೇಲ್ದವಡೆ,
ಇಬ್ಬರು ರೈತರೂ ಕೆತ್ತಿ ಕೆತ್ತಿ ಉಳಿಸಿದ ಬದುವಿನ ಹಾಗೆ.
"ಹಲ್ಲಿಲ್ಲದ ಮೂಳೆಗೆ ಕೆಲಸವಿಲ್ಲ. ಕೆಲಸವಿಲ್ಲದ್ದು ಕರಗುತ್ತೆ.
ಅಗಲ ಮೂರೂವರೆ ಮಿಲಿಮೀಟರು, ಸ್ಕ್ರೂಗೆ ಆರಾದರೂ ಬೇಕು."
ಬೇರೆ ಕಡೆಯ ಮೂಳೆ ತಂದು ತೇಪೆ ಹಾಕಬಹುದು,
ಇಲ್ಲವೇ ಇರುವುದನ್ನೇ ಸೀಳಿ ಅಗಲಿಸಬಹುದು.
ಸೀಳಿ, ಎಂದೆ. ಸೀಳುವುದು ನನಗೆ ಗೊತ್ತು.

ಹಲಗೆಯಾಗಿ ಮಲಗುವುದು ಗೊತ್ತಿರಲಿಲ್ಲ.

ಸೂಜಿ. ತುಟಿ ಯಾರದೋ ಆಯಿತು.
ವಸಡು ಬಿಡಿಸಿದ್ದು ತಿಳಿಯಲಿಲ್ಲ.
ಗರಗಸ ಗುಂಯ್ ಎಂದದ್ದು ತಿಳಿಯಿತು,
ಬದುವಿನ ನೆತ್ತಿಯುದ್ದಕ್ಕೂ ಕೂದಲಷ್ಟು ಗೆರೆ.
ಆಮೇಲೆ ಉಳಿ.
ಟಕ್.
ಬುರುಡೆಯ ಒಳಗಿಂದ ಕೇಳುವ ಸುತ್ತಿಗೆ
ನಾನು ಇಷ್ಟು ವರ್ಷ ಕೇಳಿದ ಸುತ್ತಿಗೆಯಲ್ಲ.
ಟಕ್ ಟಕ್.
ಎಳೆ ನೋಡು ಮಗಳೇ, ಎಳೆ ನೋಡಿ ಹೊಡಿ
ಎನ್ನಬೇಕು; ಬಾಯಿ ತುಂಬ ಅವಳ ಬೆರಳು.

ಅವಳು ಹೊಡೆದು, ನಿಂತಳು.
ತೆಳು ಉಳಿ ತೆಗೆದು ತುಸು ದಪ್ಪದ್ದು,
ಅದನ್ನೂ ತೆಗೆದು ಇನ್ನೂ ತುಸು ದಪ್ಪದ್ದು,
ನಡುವೆ ನಿಮಿಷ ನಿಮಿಷ ಸುಮ್ಮನೆ.
ಆ ಸುಮ್ಮನಿರುವುದರ ಗುರುತು ಸಿಕ್ಕಿತು:
ಅಬ್ಬಾ ಬೀಡಿ ಹಚ್ಚುತ್ತಿದ್ದ ನಿಮಿಷ ಅದು.
ಮರ ಉಸಿರು ಬಿಡಲಿ ಎಂದು.

ಗಾಳಿಯಲ್ಲಿ ಬೆರಳು ಎಳೆದು ಕೇಳಿದೆ: ಒಡೆಯಿತಾ?
ಮಾಸ್ಕಿನ ಮೇಲೆ ಕಣ್ಣು ನಕ್ಕವು.
"ಇಲ್ಲ, ಬಾಗಿತು. ಹಸಿ ಕಡ್ಡಿಯ ಹಾಗೆ, ಬುಡ ಬಿಡದೆ."

ಅರವತ್ತೆರಡರ ನನ್ನೊಳಗೆ
ಇನ್ನೂ ಹಸಿ ಇತ್ತಂತೆ.

ಸೀಳಿನೊಳಗೆ ಮೂಳೆಪುಡಿ ತುಂಬಿ ಹೊಲಿದಳು
(ನಾವೂ ಹಾಗೇ, ಸಂದಿಗೆ ಹೊಟ್ಟು, ವಜ್ರ).
ಸ್ಕ್ರೂಗೆ ಐದು ತಿಂಗಳು ಕಾಯಬೇಕು.
ಹಲ್ಲಿಗೆ ಇನ್ನೂ ಆಮೇಲೆ.

ಮಂಡಿ ಮೊಹಲ್ಲಾಕ್ಕೆ ಆಟೋದಲ್ಲಿ ಬಂದರೆ
ತನ್ವೀರ ಒಂದು ಹಲಗೆ ಅಡ್ಡಡ್ಡ ಸೀಳಿಟ್ಟು
ಗೋಡೆ ನೋಡುತ್ತ ನಿಂತಿದ್ದ. ಹಳೇ ಬೀಟೆ.
ಬೈಯಲು ಬಾಯಿ ತೆರೆದೆ: ಹತ್ತಿ.
ಇನ್ನೊಂದು ತುಂಡು ಇಟ್ಟೆ, ಉಳಿ ಕೊಟ್ಟೆ.
ಒಂದು ಏಟು. ಅವನ ಮಣಿಕಟ್ಟು ಹಿಡಿದೆ.
"ಎಷ್ಟೊತ್ತು ಚಾಚಾ?"
ಊದಿದ ಕೆನ್ನೆ ತೋರಿಸಿದೆ.
ಅರ್ಥವಾಗಲಿಲ್ಲ ಪಾಪ,
ಐಸು ತರಲು ಓಡಿದ.