ಹಂಸಪಾದ

ನನ್ನ ಕೆಲಸ ಇಷ್ಟೇ: ಪಿಯಾನೋದ ಎಡಗಡೆ ಕೂರುವುದು,
ಐರೀನಮ್ಮ ಗಲ್ಲ ಒಂದಿಷ್ಟು ತಗ್ಗಿಸಿದಾಗ ಎದ್ದು
ಮೇಲಿನ ಮೂಲೆ ಹಿಡಿದು ಹಾಳೆ ತಿರುವುವುದು.
ಮತ್ತೆ ಕೂರುವುದು.
ಸ್ವರಲಿಪಿ ಓದಲು ಬಾರದು ನನಗೆ.
ಸರ್ಕಾರಿ ಮುದ್ರಣಾಲಯದಲ್ಲಿ ಮೂವತ್ತೊಂದು ವರ್ಷ
ಗೆಜೆಟ್ಟಿನ ಕರಡು ತಿದ್ದಿದವನು;
ಅರ್ಥವಾಗದ್ದನ್ನು ಶ್ರದ್ಧೆಯಿಂದ ನೋಡುವುದು
ಹೊಸದೇನಲ್ಲ.

ಕುಕ್ ಟೌನಿನ ಚರ್ಚಿನ ಹಿಂದೆ ನಮ್ಮ ಸಭಾಂಗಣ,
ಎಂಬತ್ತು ಕುರ್ಚಿ, ಹನ್ನೊಂದಕ್ಕೆ ಕಾಲು ಸರಿಯಿಲ್ಲ.
ವರ್ಷಕ್ಕೆ ನಾಲ್ಕು ಕಛೇರಿ:
ಆಷಾಢದ ಗಾಳಿಯಲ್ಲೊಂದು, ಗಣಪತಿ ಪೆಂಡಾಲು ಏಳುವ ಮುಂಚೆ ಒಂದು,
ಪಟಾಕಿ ಹೊಗೆ ಇಳಿದ ಮೇಲೊಂದು,
ಕ್ರಿಸ್‌ಮಸ್ ಮರಕ್ಕೆ ಹತ್ತಿ ಅಂಟಿಸುವ ವಾರ ಕಡೆಯದು.
ಮೊದಲರ್ಧ ಬರೆದಿಟ್ಟ ಸಂಗೀತ,
ನಡುವೆ ಚಹಾ, ಬಾಳೆಹಣ್ಣಿನ ಕೇಕು,
ಆಮೇಲೆ ಜಾಝ್.

ಪಿಟೀಲು ವೈಜಯಂತಿಯವರದು; ಹಲ್ಲಿನ ಡಾಕ್ಟರು,
ಶ್ರುತಿ ಒಂದೆಳೆ ಇಳಿದರೂ
ಹುಳುಕು ಕಂಡವರಂತೆ ಹುಬ್ಬು ಗಂಟಿಕ್ಕುತ್ತಾರೆ.
ಚೆಲ್ಲೋದ ಜಹೀರುದ್ದೀನ್ ಸಾಹೇಬರು
ಗಡಿಯಾರದ ಕಾರ್ಖಾನೆ ಮುಚ್ಚಿದಾಗ ಬಂದ ದುಡ್ಡಲ್ಲಿ
ಮೊದಲು ಕೊಂಡದ್ದು ಅದನ್ನೇ;
ಮನೆಯಲ್ಲಿ ಮೂರು ದಿನ ಒಲೆ ಹತ್ತಲಿಲ್ಲ, ಬೇಗಂ ಮುಷ್ಕರ.
ಡಬಲ್ ಬಾಸ್ ಬರುವುದು ಲಗೇಜು ಆಟೋದಲ್ಲಿ, ಬೆಡ್‌ಶೀಟು ಹೊದ್ದು,
ಆಸ್ಪತ್ರೆಗೆ ಹೊರಟ ದಪ್ಪ ಚಿಕ್ಕಪ್ಪನ ಹಾಗೆ.
ಕ್ಲಾರಿನೆಟ್ಟಿನ ಅಂತೋಣಿಸ್ವಾಮಿ ಶಿವಾಜಿನಗರದ ಬ್ಯಾಂಡ್‌ಸೆಟ್ಟಿನವನು.
ಬೆಳಿಗ್ಗೆ ಒಂದು ಶವಯಾತ್ರೆ, ಮಧ್ಯಾಹ್ನ ಒಂದು ಮದುವೆ ಮುಗಿಸಿ
ಕೆಂಪು ಕೋಟಿನಲ್ಲಿ ಹಾಗೇ ಬರುತ್ತಾನೆ,
ಒಂದು ಗುಂಡಿ ಯಾವಾಗಲೂ ಇರುವುದಿಲ್ಲ.

ಜಾಝ್ ಶುರುವಾದರೆ ನನಗೆ ರಜೆ.
ಸ್ಟ್ಯಾಂಡಿನ ಮೇಲೆ ಒಂದೇ ಹಾಳೆ,
ಅದರಲ್ಲಿ ಎಂಟೋ ಹತ್ತೋ ಅಕ್ಷರ, ದಿನಸಿ ಚೀಟಿಯಷ್ಟು.
ಅಷ್ಟರಲ್ಲೇ ಅರ್ಧ ಗಂಟೆ ಅಡುಗೆ ಮಾಡುತ್ತಾರೆ.
ಮೊದಲ ವರ್ಷ ತಡೆಯಲಾಗಲಿಲ್ಲ ನನಗೆ:
ಮೂಲಪ್ರತಿಯೇ ಇಲ್ಲದ್ದಕ್ಕೆ ಕರಡು ತಿದ್ದುವುದು ಹೇಗೆ?
ಕೈ ಮಡಿಲಲ್ಲಿಟ್ಟುಕೊಂಡು
ಪೂರ್ವ ಸ್ಟೇಷನ್ನಿನ ರೈಲು ಎಣಿಸುತ್ತಿದ್ದೆ.

ಹೋದ ಡಿಸೆಂಬರಿನ ಮಾತು.
ತಂಡಿಗೆ ಹಾಳೆಗಳು ಒಂದನ್ನೊಂದು ಅಪ್ಪಿಕೊಂಡಿದ್ದವು.
ನಿಧಾನದ ಭಾಗ. ಗಲ್ಲ ತಗ್ಗಿತು. ಎದ್ದೆ, ತಿರುವಿದೆ.
ಎರಡು ಹಾಳೆ ಒಟ್ಟಿಗೆ ಹೋದವು.

ಗೆಜೆಟ್ಟಿನಲ್ಲಿ ಒಂದು ಸೊನ್ನೆ ಬಿಟ್ಟವನಲ್ಲ ನಾನು.
ಐರೀನಮ್ಮನ ಬಲಗೈ ಗಾಳಿಯಲ್ಲಿ ನಿಂತಿತು,
ಪಿಟೀಲು ತನ್ನ ಸಾಲಿನಲ್ಲಿ, ಚೆಲ್ಲೋ ತನ್ನ ಸಾಲಿನಲ್ಲಿ,
ನಡುವೆ ಹಲ್ಲು ಬಿದ್ದ ಸಂದು.
ಬಿಡಿಸಲು ಹೋದ ನನ್ನ ಬೆರಳ ಬೆವರು
ಇನ್ನಷ್ಟು ಅಂಟಿಸಿತು.

ಆಗ ಅಂತೋಣಿಸ್ವಾಮಿ, ಚಹಾದ ಮೇಲಷ್ಟೇ ಬೇಕಾದವನು,
ಪರದೆಯ ಪಕ್ಕ ಸುಮ್ಮನೆ ನಿಂತಿದ್ದವನು,
ಕೈಯಲ್ಲಿದ್ದ ಲೋಟ ಕೆಳಗಿಟ್ಟ.
ಊದಿದ.

ಅಲ್ಲಿ ಬರೆದಿಲ್ಲದ್ದು. ಎಲ್ಲೂ ಬರೆದಿಲ್ಲದ್ದು.
ಬೆಳಿಗ್ಗೆ ಕಲ್ಪಳ್ಳಿಯವರೆಗೆ ಊದಿದ್ದರ ಬಾಲವೋ ಏನೋ,
ಪಿಟೀಲಿನ ಕೈ ಹಿಡಿದು ರಸ್ತೆ ದಾಟಿಸಿತು.
ಸಾಹೇಬರು ಕಮಾನು ಬಿಟ್ಟು ಬೆರಳಲ್ಲೇ ಮೀಟಿದರು,
ಐರೀನಮ್ಮ ಕಣ್ಣು ಮುಚ್ಚಿ
ಬರೀ ಎಡಗೈ ಇಟ್ಟರು, ಮಲಗಿದ ಮಗುವಿನ ಮೇಲೆ ಇಟ್ಟಂತೆ.
ನಾನು ನಿಂತೇ ಇದ್ದೆ.
ರೈಲು ಬಂತೋ ಇಲ್ಲವೋ, ನೆನಪಿಲ್ಲ.
ಯಾವಾಗಲೋ ಹಾಳೆ ತಾನಾಗಿ ಬಿಟ್ಟುಕೊಂಡಿತು.

ಚಪ್ಪಾಳೆ ಎಂದಿನಷ್ಟೇ.
ಕೇಕು ತಿನ್ನುತ್ತ ಯಾರೋ ಅಂದರು:
ಬರೆದವನು ಎಂಥ ಜಾಣ, ಸರಿಯಾಗಿ ಅಲ್ಲೇ ಕ್ಲಾರಿನೆಟ್ ತಂದನಲ್ಲ!
ವೈಜಯಂತಿಯವರು ನನ್ನ ಮುಖ ನೋಡಲಿಲ್ಲ.
ಎರಡು ವಾರ ಕಳೆದು ಫೋನು ಬಂತು:
ಯಾವ ಪುಟ ಅದು?
ಹದಿನೇಳರ ಕೊನೆ, ಅಂದೆ.
ಗುರುತು ಹಾಕಿಡಿ, ಅಂದರು.
ಮತ್ತೆ ಆಗದಿರಲಿ ಎಂದೋ, ಆಗಲಿ ಎಂದೋ
ಹೇಳದೆ ಇಟ್ಟುಬಿಟ್ಟರು.

ಕೆಂಪು ಪೆನ್ಸಿಲು ಚೂಪು ಮಾಡಿಕೊಂಡು
ಬಿಟ್ಟುಹೋದದ್ದಕ್ಕೆ ಹಾಕುವ ಹಂಸಪಾದ ಹಾಕಿದೆ.
ಅದರ ಮೇಲೆ ಏನು ಬರೆಯಬೇಕೋ ತಿಳಿಯಲಿಲ್ಲ.
ಜಾಗ ಬಿಟ್ಟಿದ್ದೇನೆ.